ಮೆಟ್ಟಿಲ ಮೇಲಿನ ಕಳ್ಳಾಟ

ಎರಡನೇ ಮಹಡಿಯ ತಿರುವಿನಲ್ಲಿ ಯಜಮಾನರು ಮತ್ತೆ ನಿಂತರು. ಈ ಸಲದ ನೆಪ, ಗೋಡೆಯ ಬಿರುಕು.

"ನೋಡೆ, ಹೋದ ವಾರಕ್ಕಿಂತ ಒಂದು ಕೂದಲೆಳೆ ಅಗಲ ಆಗಿದೆ."

ಟೀಚರಮ್ಮ ಕಂಬಿಗೆ ಒರಗಿ, ಕೈಚೀಲದಿಂದ ನೋಟ್‌ಬುಕ್ ತೆಗೆದು ಬರೆದುಕೊಂಡರು: ಒಂಬತ್ತೂಕಾಲು, ಬಿರುಕು, ಎರಡು ನಿಮಿಷ.

ಮೂವತ್ತು ವರ್ಷ ಪರೀಕ್ಷೆಯ ಕೋಣೆಯಲ್ಲಿ ನಕಲು ಚೀಟಿ ಹಿಡಿದ ಕಣ್ಣು ಅದು. ಮಕ್ಕಳು ಬೆನ್ನ ಹಿಂದೆ 'ಹದ್ದು' ಎನ್ನುತ್ತಿದ್ದರು. ನಿವೃತ್ತಿಯಾದ ಮೇಲೆ ಹದ್ದಿಗೆ ಉಳಿದಿದ್ದು ಒಬ್ಬನೇ ವಿದ್ಯಾರ್ಥಿ, ಗಂಡ.

ತಿಂಗಳ ಹಿಂದೆ ಹೃದಯದ ಡಾಕ್ಟರು ಯಜಮಾನರ ಒಂದು ರಕ್ತನಾಳ ಸ್ವಲ್ಪ ಕಿರಿದಾಗಿದೆ ಎಂದಿದ್ದರು. "ಈಗಲೇ ಸ್ಟೆಂಟ್ ಬೇಡ. ಮಾತ್ರೆ ತಗೊಳ್ಳಲಿ. ತಗೊಂಡೂ ಮೆಟ್ಟಿಲು ಹತ್ತುವಾಗ ಎದೆ ಹಿಡಿದ್ರೆ, ಆಗ ನೋಡೋಣ."

ಎದೆ ಹಿಡಿಯುತ್ತದೆಯೇ ಎಂದರೆ ಯಜಮಾನರದ್ದು ಒಂದೇ ಉತ್ತರ: "ಇಲ್ವೇ ಇಲ್ಲ." ಆದರೆ ಲಿಫ್ಟ್ ಕೆಟ್ಟ ಆ ಕಟ್ಟಡದಲ್ಲಿ ನಾಲ್ಕನೇ ಮಹಡಿಯ ಮನೆ ಸೇರುವಷ್ಟರಲ್ಲಿ ನಾಲ್ಕು ಸಲ ನಿಲ್ಲುತ್ತಿದ್ದರು. ಒಂದು ದಿನ ಪಕ್ಕದವರ ಕರೆಂಟ್ ಮೀಟರನ್ನು ಗಟ್ಟಿಯಾಗಿ ಓದಿದರು. ಇನ್ನೊಂದು ದಿನ ಹಲ್ಲಿಗೆ ಬುದ್ಧಿವಾದ ಹೇಳಿದರು. ನಿನ್ನೆಯಂತೂ ಶೂ ಲೇಸು ಕಟ್ಟಲು ಬಗ್ಗಿದರು. ಕಾಲಲ್ಲಿದ್ದದ್ದು ಹವಾಯಿ ಚಪ್ಪಲಿ.

"ರೀ, ನಿಜ ಹೇಳಿ. ನೋವು ಬರ್ತಿದೆ ತಾನೆ?"

"ಲೇಸು ಬಿಚ್ಚಿದೆ, ಸ್ವಲ್ಪ ಇರೆ."

ಮುಂದಕ್ಕೆ ಜಗಳಾಡುವ ತ್ರಾಣ ಟೀಚರಮ್ಮನಿಗಿರಲಿಲ್ಲ. ಈ ಮನುಷ್ಯನ ಚಿಂತೆಯಲ್ಲಿ ಹಲ್ಲು ಕಚ್ಚಿ ಕಚ್ಚಿ ದವಡೆಯೇ ನೋಯುತ್ತಿತ್ತು. ಹಲ್ಲಿನ ಡಾಕ್ಟರನ್ನು ಆಮೇಲೆ ನೋಡಿದರಾಯಿತು, ಮೊದಲು ಇವರದ್ದು ಮುಗಿಯಲಿ.

ನೋಟ್‌ಬುಕ್ ತುಂಬಿದ ದಿನ ಗಂಡನನ್ನು ಆಸ್ಪತ್ರೆಗೆ ಎಳೆದೊಯ್ದರು.

"ಡಾಕ್ಟ್ರೇ, ಇವರು ನಿಮ್ಗೂ ಸುಳ್ಳು, ನಂಗೂ ಸುಳ್ಳು. ಸಾಕ್ಷಿ ಇಲ್ಲಿದೆ. ಸ್ಟೆಂಟ್ ಹಾಕೇಬಿಡಿ."

ಡಾಕ್ಟರು ಯಜಮಾನರ ಎದೆಗೆ ತಂತಿ ಅಂಟಿಸಿ ಟ್ರೆಡ್‌ಮಿಲ್ ಹತ್ತಿಸಿದರು. ಮೂರು ನಿಮಿಷ. ಆರು. ಒಂಬತ್ತು. ಅರವತ್ತೈದರ ಅಜ್ಜ ಶಿಳ್ಳೆ ಹೊಡೆಯುತ್ತ ನಡೆದರು. ನಡುವೆ ಬಗ್ಗಿ, ಪಕ್ಕದಲ್ಲಿದ್ದ ನರ್ಸ್‌ನ ಕಿವಿಯಲ್ಲಿ ಅದೇನೋ ಉಸುರಿದರು. ನರ್ಸ್ ಡಾಕ್ಟರ ಮುಖ ನೋಡಿ, ಅವಸರದಿಂದ ಹೊರಗೆ ಹೋಗಿ ಗಾಲಿಕುರ್ಚಿ ತಂದಳು.

"ನೋಡಿದ್ರಾ!" ಟೀಚರಮ್ಮ ಗೆದ್ದವರಂತೆ ಎದ್ದು ನಿಂತರು. "ಕೊನೆಗೂ ಒಪ್ಕೊಂಡ್ರು. ಕೂತ್ಕೊಳ್ಳಿ ರೀ, ನಾಚಿಕೆ ಬೇಡ."

"ಇವರಿಗೆ ಮಾತ್ರೆಯೇ ಸಾಕಮ್ಮ," ಎಂದರು ಡಾಕ್ಟರು.

"ಹಾಗಾದ್ರೆ ಯಾಕ್ರೀ ಅಷ್ಟು ಸಲ ನಿಲ್ತಿದ್ರಿ?"

ಯಜಮಾನರು ಟ್ರೆಡ್‌ಮಿಲ್‌ನಿಂದ ಇಳಿದು, ಹೆಂಡತಿಯ ಮೊಣಕೈ ಹಿಡಿದು, ಗಾಜಿನ ಸಾಮಾನು ಇಡುವಂತೆ ಮೆಲ್ಲಗೆ ಕುರ್ಚಿಯಲ್ಲಿ ಕೂರಿಸಿದರು.

"ಏದುಸಿರು ಬರ್ತಿದ್ದದ್ದು ನಿಂಗೆ ಕಣೆ. ಹತ್ತುವಾಗ ದವಡೆ ಒತ್ಕೊಳ್ತಿದ್ದದ್ದೂ ನೀನೇ, ಅದೂ ಹೃದಯದ್ದೇ ಇರಬಹುದಂತೆ. ನಿಲ್ಲು ಅಂದ್ರೆ ನಿಲ್ಲೋಳಲ್ಲ, ಡಾಕ್ಟರ ಹತ್ರ ಬಾ ಅಂದ್ರೆ ಬರೋಳಲ್ಲ. ಇನ್ನೇನು ಮಾಡ್ಲಿ?"

ಅದೇ ವಾರ ಎರಡು ಸ್ಟೆಂಟ್ ಬಿದ್ದವು, ಎರಡೂ ಟೀಚರಮ್ಮನಿಗೆ.