ಸಂಗಪ್ಪನ ಅಂಗಡಿ, ದಾನಮ್ಮನ ಸಹಿ

ಗುಳೇದಗುಡ್ಡದ ಒಂದು ಓಣಿಯಲ್ಲಿ ದಾನಮ್ಮ ಎಂಬ ಹೆಣ್ಣುಮಗಳು. ಕುಪ್ಪಸದ ಖಣ ನೇಯುವುದು ಅವಳ ಕಸುಬು.

ಆ ಖಣಗಳನ್ನು ಆನ್‌ಲೈನಿನಲ್ಲಿ ಮಾರುವ ದಾರಿ ಹುಡುಕಿದವನು ಅವಳ ಗಂಡ ಸಂಗಪ್ಪ. ಪ್ಯಾನ್ ಕಾರ್ಡ್ ಅವನದು, ಫೋನ್ ನಂಬರ್ ಅವನದು, ಆ ಆನ್‌ಲೈನ್ ಅಂಗಡಿಗೆ ಇಟ್ಟ ಹೆಸರೂ ಅವನದೇ.

ಎರಡು ವರ್ಷದ ಹಿಂದೆ, ಶ್ರಾವಣದಲ್ಲಿ, ಸಂಗಪ್ಪ ಲಿಂಗೈಕ್ಯನಾದ...

ಅಂಗಡಿ ಮಾತ್ರ ಅವನ ಹೆಸರಿನಲ್ಲೇ ನಡೆಯುತ್ತಿತ್ತು. ಆ ಹೆಸರು ಪರದೆಯ ಮೇಲೆ ಇರುವ ತನಕ, ಗಂಡ ನೂಲು ತರಲು ಪೇಟೆಗೆ ಹೋಗಿದ್ದಾನೆ, ಇನ್ನೇನು ಬರುತ್ತಾನೆ ಎಂದೇ ಅವಳಿಗೆ ಅನಿಸುತ್ತಿತ್ತು. ಅಳಿಸಲು ಕೈ ಬರಲಿಲ್ಲ.

ಒಂದು ಮುಂಜಾನೆ ಗಂಡನ ಫೋನಿಗೆ ತೆರಿಗೆ ಇಲಾಖೆಯ ಸಂದೇಶ ಬಂತು.

"ಸಂಗಪ್ಪ ಅವರೇ, ನಿಮ್ಮ ಆನ್‌ಲೈನ್ ಮಾರಾಟದ ಮಾಹಿತಿ ನಮಗೆ ಬಂದಿದೆ. ನೀವು ರಿಟರ್ನ್ ಸಲ್ಲಿಸಿಲ್ಲ..."

ದಾನಮ್ಮ ಅಂಜಿ, ಮೈದುನ ಪರಪ್ಪನನ್ನು ಕರೆಸಿದಳು.

ಪರಪ್ಪ ಓದಿ ನಕ್ಕ. "ಇಷ್ಟಕ್ಕ ಅಂಜೂದೇನ್ರಿ ವೈನಿ? ಅಣ್ಣನ ಫೋನು ನಿಮ್ಮ ಕೈಯಾಗ ಐತಿ. ಓಟಿಪಿ ಅದಕ್ಕ ಬರ್ತೈತಿ. ಅಣ್ಣಾ ಅದಾನೋ ಇಲ್ಲೋ, ಕಂಪ್ಯೂಟರಿಗೆ ಏನ್ ಗೊತ್ತು?"

"ಇದ್ದದ್ದು ಇದ್ದಂಗ ಹೇಳಿದ್ರ?"

"ಹೇಳಿದ್ರ ಅಂಗಡಿ ಮುಚ್ಚಬೇಕ್ರಿ! ಸಾವಿರ ಮಂದಿ ಕೊಟ್ಟ ಸ್ಟಾರು ಹೊಳ್ಯಾಗ ಹುಣಸಿಹಣ್ಣು ತೊಳದಂಗ ಆಕ್ಕೈತಿ. ಹೊಸಾ ಅಂಗಡಿ ಅಂದ್ರ ಸೊನ್ನಿಯಿಂದ ಶುರು. ಯಾರ್ ನಂಬ್ತಾರ?"

ಅವನ ಮಾತು ಸುಳ್ಳಲ್ಲ. ಆ ಸ್ಟಾರ್ ನೋಡಿಯೇ ಜನ ಕೊಳ್ಳುವುದು. ಮನೆಯ ಎರಡು ಮಗ್ಗ ಅದರ ಮೇಲೆ ನಿಂತಿದ್ದವು.

ದಾನಮ್ಮ ಗಂಡನ ಫೋನ್ ಹಿಡಿದು ಪಕ್ಕದಲ್ಲಿ ಕುಳಿತಳು. ಪರಪ್ಪ ತನ್ನ ಮೊಬೈಲಿನಲ್ಲಿ ರಿಟರ್ನಿನ ಒಂದೊಂದೇ ಪುಟ ತುಂಬುತ್ತ ಹೋದ. ಕೊನೆಯ ಪುಟಕ್ಕೆ ಬಂದ.

"ಅಲ್ಲೇನ್ ಬರದೈತಿ, ಓದಪಾ."

"ಅದೇನ್ ಬಿಡ್ರಿ... 'ಸಂಗಪ್ಪ ಎಂಬ ನಾನು, ಮೇಲಿನದೆಲ್ಲ ಸತ್ಯವೆಂದು ಪ್ರಮಾಣಿಸುತ್ತೇನೆ.' ಅಷ್ಟ. ಓಟಿಪಿ ಹೇಳ್ರಿ."

ಫೋನ್ ಅವಳ ಕೈಯಲ್ಲಿ ಮಿಂಚಿತು. ಆರು ಅಂಕಿ ಬಂದಿದ್ದವು.

ದಾನಮ್ಮ ಫೋನನ್ನು ಬೋರಲು ಹಾಕಿದಳು.

"ಪರಪ್ಪಾ... ನಿಮ್ಮಣ್ಣ ಇದ್ದಾಗ ಒಂದು ಗೇಣು ಅಳತಿ ಕಡಿಮಿ ಕೊಟ್ಟಾವ್ರಲ್ಲ. ಈಗ ಅವರು ಬ್ಯಾಡ ಅನ್ನಾಕ ಬರೂದಿಲ್ಲ ಅಂತ, ಅವರ ಬಾಯಾಗ ಸುಳ್ಳು ಇಡಲೇನು?"

ಪರಪ್ಪ ಆ ಪುಟವನ್ನು ಮುಚ್ಚಿದ.

ಮರುದಿನ ಇಬ್ಬರೂ ಬಾಗಲಕೋಟೆಗೆ ಹೋಗಿ, ತೆರಿಗೆ ಕೆಲಸ ಮಾಡಿಕೊಡುವ ನದಾಫ್ ಸಾಹೇಬರ ಮುಂದೆ ಕುಳಿತರು. ದಾನಮ್ಮ ಎಲ್ಲವನ್ನೂ ಹೇಳಿದಳು. ಆಮೇಲೆ ಮೆಲ್ಲಗೆ ಕೇಳಿದಳು... "ಜೇಲಿಗೆ ಹಾಕ್ತಾರೇನ್ರಿ ಸಾಹೇಬ್ರ?"

"ಖಣಾ ನೇಯೋರನ್ನ ಜೇಲಿಗೆ ಕಳಿಸಿದ್ರ, ನಮ್ಮ ಮನ್ಯಾಕಿ ನನಗ ರೊಟ್ಟಿ ಹಾಕೂದಿಲ್ಲ ಬಿಡ್ರಿ!" ಎಂದು ನಕ್ಕರು ಸಾಹೇಬರು. ಆಮೇಲೆ ಗಂಭೀರವಾಗಿ ಹೇಳಿದರು.

"ಕೇಳ್ರಿ ಅಕ್ಕಾರ. ಆನ್‌ಲೈನ್ ಅಂದ್ರ ಸಂತ್ಯಾಗ ಕುಂತು ಮಾರಿದಂಗಲ್ಲ. ನೀವು ಹೇಳ್ರಿ, ಬಿಡ್ರಿ... ಮಾರಾಟದ ವಿವರಾನ ಕಂಪನಿಯೋರು ಪ್ಯಾನ್ ನಂಬರಿನ ಮ್ಯಾಲೆ ಸರ್ಕಾರಕ್ಕ ಕೊಟ್ಟಿರ್ತಾರ. ನಾವೂ ನಮ್ಮ ಕಡಿಂದ ರಿಟರ್ನ್ ಹಾಕಬೇಕು. ಯಾರ ದುಡಿಮಿನೋ, ಅವರ ಹೆಸರಿಂದ."

"ಹೆಸರು ಅವರದರೀ..."

"ಇರ್ಲಿ. ಈ ಎರಡು ವರ್ಷ ನೇಯ್ದವ್ರು ಯಾರು?"

"ನಾನ ರೀ."

"ಫೋಟೋ ತಗದು ಹಾಕಿದವ್ರು? ರೇಟು ಇಟ್ಟವ್ರು? ಪಾರ್ಸಲ್ ಕಟ್ಟಿ ಕಳಿಸಿದವ್ರು?"

"ಎಲ್ಲಾ ನಾನ ರೀ... ಆದ್ರ ಅಂಗಡಿ ಅವರದು."

ಸಾಹೇಬರು ಪೆನ್ನು ಕೆಳಗಿಟ್ಟರು.

"ಸಂಗಪ್ಪನವರು ತೀರಿಕೊಂಡ ದಿನದ ತನಕ ಅವರ ದುಡಿಮಿ. ಅದರ ರಿಟರ್ನ್, ಮರಣ ಪತ್ರ ಹಚ್ಚಿ, ವಾರಸುದಾರರಾಗಿ ನೀವು ಹಾಕ್ರಿ. ಅದರ ಮರುದಿನದಿಂದ ಇಲ್ಲೀತನಕ ಅಂಗಡಿ ನಡಿಸಿದಾಕಿ ನೀವ, ತಾಯಿ. ಅದರ ರಿಟರ್ನ್ ನಿಮ್ಮ ಹೆಸರಿಲೆ. ಜಿಎಸ್‌ಟಿ ನೋಂದಣಿನೂ ನಿಮ್ಮ ಹೆಸರಿಲೆ ಹೊಸದಾಗಿ ಮಾಡಿಸೋಣು. ದಂಡಾ ಸ್ವಲ್ಪ ಬೀಳ್ತೈತಿ... ತಡಾ ಮಾಡಿದ್ದಕ್ಕ ಅಷ್ಟ, ಕಳವು ಮಾಡಿದ್ದಕ್ಕಲ್ಲ."

ಅವರು ಅಂದ ಆ ಎರಡು ವರ್ಷ ಅವಳ ಕಣ್ಣ ಮುಂದೆ ಹಾದುಹೋಯಿತು. ಒಂದು ದಿನವೂ ಮಗ್ಗ ನಿಂತಿರಲಿಲ್ಲ. ನಿಲ್ಲಿಸದೆ ನಡೆಸಿದ ಕೈ ತನ್ನದೇ ಎಂದು ಅವಳಿಗೇ ತಿಳಿದಿರಲಿಲ್ಲ...

ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಎಲ್ಲಿ ಸಹಿ ಮಾಡ್ಲಿ, ತೋರಸ್ರಿ."

ಸಂಗಪ್ಪನ ಹೆಸರಿನ ಅಂಗಡಿ ಮುಚ್ಚಿತು. ದಾನಮ್ಮನ ಹೆಸರಿನಲ್ಲಿ ಹೊಸದು ತೆರೆಯಿತು. ಸ್ಟಾರ್... ಸೊನ್ನೆ.

ಒಂದು ವಾರ ಕಳೆಯಿತು. ಒಂದು ಆರ್ಡರೂ ಇಲ್ಲ. ಇಪ್ಪತ್ತು ದಿನವಾಯಿತು. ಪರಪ್ಪ ತನ್ನ ಮನೆಯಿಂದ ಜೋಳದ ಚೀಲ ತಂದು ಇಳಿಸಿ ಹೋದ.

ದಾನಮ್ಮ ದಿನಾ ಲಿಂಗಪೂಜೆ ಮುಗಿಸಿ ಮಗ್ಗದ ಮೇಲೆ ಕೂಡುವುದನ್ನು ಬಿಡಲಿಲ್ಲ. "ಕೊಡೂದು ಬಿಡೂದು ಶಿವನ ಕೆಲಸ, ನೇಯೂದು ನಂದು" ಎನ್ನುತ್ತಿದ್ದಳು.

ಇಪ್ಪತ್ಮೂರನೆಯ ದಿನ ಶಿವಮೊಗ್ಗದ ಒಬ್ಬ ನರ್ಸಮ್ಮ ಒಂದೇ ಒಂದು ಖಣ ತರಿಸಿಕೊಂಡಳು. ಅದು ಮುಟ್ಟಿದ ಮರುದಿನ ಅಂಗಡಿಯ ಕೆಳಗೆ ಮೊದಲ ರಿವ್ಯೂ ಮೂಡಿತು. ಪರಪ್ಪ ಓಡಿ ಬಂದು ಓದಿ ಹೇಳಿದ.

"ಹಳೆಯ ಅಂಗಡಿ ಕಾಣದೆ ಊರ ಹೆಸರು ಹಾಕಿ ಹುಡುಕಿದೆ. ಹೊಸಬರು ಅಂತ ಅನುಮಾನದಿಂದಲೇ ಒಂದು ತರಿಸಿದೆ. ಬಿಚ್ಚಿದ ಕೂಡಲೇ, ಅಂಚು ನೋಡಿ ಗೊತ್ತಾಯಿತು... ಎರಡು ವರ್ಷದಿಂದ ನನಗೆ ಖಣ ನೇಯ್ದು ಕಳಿಸುತ್ತಿದ್ದ ಕೈ ಇದೇ! ಇಷ್ಟು ದಿನ ನಿಮಗೆ 'ಸರ್' ಅಂತ ಬರೆಯುತ್ತಿದ್ದೆ. ಕ್ಷಮಿಸಿ ಅಮ್ಮ. ಆಸ್ಪತ್ರೆಯ ಗೆಳತಿಯರಿಗೂ ಬೇಕಂತೆ, ಇನ್ನೂ ಹನ್ನೊಂದು ಕಳಿಸಿ."

ಪರಪ್ಪನ ದನಿ ಕೊನೆಗೆ ಒಡೆಯಿತು. ದಾನಮ್ಮ ಅಳುತ್ತಲೇ ನಕ್ಕಳು.

"ಅಳಬ್ಯಾಡೋ ಹುಚ್ಚಪ್ಪಾ... ಹನ್ನೊಂದು ನೇಯಬೇಕು, ಲಾಳಿಗೆ ನೂಲು ಹಾಕು."

ಹೋದವರು ಬಾಳಿದ ಸತ್ಯವನ್ನು ಉಳಿದವರು ತಮ್ಮ ಹೆಸರಿನಲ್ಲೇ ಸಹಿ ಹಾಕಿ ನಡೆಸಬೇಕು.

ನೀವು ದುಡಿದು ಉಣ್ಣುವ ಅನ್ನ ಇನ್ನೂ ಯಾರ ಹೆಸರಿನಲ್ಲಿದೆ...? ಒಂದು ಗಳಿಗೆ ಕುಳಿತು ಯೋಚಿಸುತ್ತೀರಾ?