ಹದಿನಾಲ್ಕು ಸಾವಿರ ಹೆಜ್ಜೆ

ದಿನಕ್ಕೆ ಹದಿನಾಲ್ಕು ಸಾವಿರ ಹೆಜ್ಜೆಯ ಲೆಕ್ಕ ತೋರಿಸಿ, ಸತತ ಮೂರನೇ ತಿಂಗಳೂ ಆಫೀಸಿನ ಫಿಟ್‌ನೆಸ್ ಸ್ಪರ್ಧೆ ಗೆದ್ದವನು ಸದಾನಂದ. ಹೊಟ್ಟೆ ಮಾತ್ರ ಒಂದಂಗುಲವೂ ಇಳಿದಿರಲಿಲ್ಲ. ಚಪ್ಪಾಳೆ ಬಿದ್ದಾಗ ಅವನು ತಲೆ ಎತ್ತಲಿಲ್ಲ. ಅಂಗಿಯ ತುಂಬುತೋಳನ್ನು ಮಣಿಕಟ್ಟು ಮುಚ್ಚುವಂತೆ ಎಳೆದುಕೊಂಡ.

ಸಮಾರಂಭ ಮುಗಿದ ಮೇಲೆ ಆಫೀಸಿನ ಡಾಕ್ಟರು ಅವನನ್ನು ಪಕ್ಕಕ್ಕೆ ಕರೆದರು. ಅವರ ಕೈಯಲ್ಲಿ ಅವನ ವಾಚಿನಿಂದ ಬಂದ ವಿವರಗಳ ಹಾಳೆಯಿತ್ತು.

"ಹೆಜ್ಜೆ ನೋಡಿ ಬಹುಮಾನ ಕೊಟ್ಟುಬಿಟ್ರು, ಎದೆಬಡಿತ ಯಾರೂ ನೋಡಿಲ್ಲ. ಆಗಾಗ ತಾಳ ತಪ್ತಾ ಇದೆ ಕಣ್ರೀ. ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತಾ?"

ಸದಾನಂದ ಹಾಳೆಯತ್ತ ಬಗ್ಗಿ ನೋಡಿದ. "ಬರುತ್ತೆ. ಬಟ್ಟೆ ಬಕೆಟ್ ಹೊತ್ಕೊಂಡು ಮಹಡಿಗೆ ಹೊರಟ್ರೆ ಅರ್ಧದಲ್ಲೇ ಕೂತುಬಿಡೋದು."

"ಗೊತ್ತಿದ್ದೂ ಸುಮ್ಮನಿದ್ರಾ?"

"ವಯಸ್ಸಾಯ್ತು ಅಂತ ತಮಾಷೆ ಮಾಡ್ದೆ."

"ಇವತ್ತೇ ಹೃದಯದ ಪರೀಕ್ಷೆ ಆಗಬೇಕು."

ಅವನು ನಿಂತಲ್ಲಿಂದಲೇ ಮನೆಗೆ ಫೋನ್ ಮಾಡಿದ. "ಮಾಡ್ತಿರೋ ಕೆಲಸ ಬಿಟ್ಟು ಕೂತ್ಕೋ. ಬಂದುಬಿಡ್ತೀನಿ, ಆಸ್ಪತ್ರೆಗೆ ಹೋಗೋಣ."

ಹೆಂಡತಿ ಏದುಸಿರು ಬಿಡುತ್ತಲೇ ಹೇಳಿದಳು, "ಈಗ್ಲೇ ಕೂತುಬಿಟ್ರೆ ಹೇಗ್ರೀ? ನನ್ನ ಕೈಗೆ ಕಟ್ಟಿರೋ ನಿಮ್ಮ ವಾಚು ಇನ್ನೂ ಒಂಬತ್ತು ಸಾವಿರಾನೂ ತೋರಿಸ್ತಿಲ್ಲ."