ಏಕಾದಶಿಯ ಸಪ್ಪಳ

ಪ್ರವಚನದ ನಡುವೆ ಚಟ್ ಚಟ್ ಎನ್ನುತ್ತದೆಂದು ರಾಯರು ರೇಡಿಯೋ ಎತ್ತಿಕೊಂಡು ರಿಪೇರಿ ಅಂಗಡಿಗೆ ಬಂದಿದ್ದರು. ದಸ್ತಗೀರ್ ಬಿಚ್ಚಿ ನೋಡಿದ, ಹಚ್ಚಿಯೂ ನೋಡಿದ. ಅದರಲ್ಲೇನೂ ದೋಷವಿರಲಿಲ್ಲ.

"ದಿನಾ ಬರ್ತದೇನ್ರಿ ಸಪ್ಪಳ?"

"ನಾ ರೇಡಿಯೋ ಹಚ್ಚೂದ ಏಕಾದಶಿಗಪಾ. ಮುಂಜಾನೆ ಹತ್ತಕ್ಕೊಮ್ಮೆ ಬರ್ತದ, ಮಧ್ಯಾಹ್ನ ಮೂರಕ್ಕೊಮ್ಮೆ."

"ಆವಾಗ ಮನ್ಯಾಗ ಯಾರಿರ್ತಾರ್ರಿ?"

"ನಾನು ಪಡಸಾಲ್ಯಾಗ ಪ್ರವಚನ ಕೇಳ್ತಿರ್ತೀನಿ. ನಮ್ಮಕಿ ಅಡಿಗಿಮನಿ ಬಾಗಲಾ ಹಾಕ್ಕೊಂಡು ಜಪಾ ಮಾಡ್ತಿರ್ತಾಳ. ಅವತ್ತ ಒಲಿ ಹಚ್ಚಂಗಿಲ್ಲ. ಇಬ್ಬರಿಗೂ ಹನಿ ನೀರಿಲ್ಲ."

ರಾಯರು ಮುಖ ತಿರುಗಿಸಿ ನಶ್ಯ ಏರಿಸಿ ಸೀನಿದರು. ಆ ಸೀನಿನ ಮರೆಯಲ್ಲಿ ದಸ್ತಗೀರ್ ಮೇಜಿನ ಕೆಳಗೆ ತನ್ನ ಚಹಾ ಒಲೆಯ ಗ್ಯಾಸ್ ಲೈಟರ್ ಒತ್ತಿದ. ರೇಡಿಯೋ ಚಟ್ ಎಂದಿತು.

"ಅದ ನೋಡು, ಅದ ಸಪ್ಪಳ," ಎಂದರು ರಾಯರು. "ಏನಾಗ್ಯದ ಇದಕ್ಕ?"

ದಸ್ತಗೀರ್ ಲೈಟರನ್ನು ಕಾಲಿನಿಂದ ಹಿಂದಕ್ಕೆ ಸರಿಸಿದ. ರೇಡಿಯೋದ ಮುಚ್ಚಳ ಬಿಗಿದು, ಜೇಬಿನಿಂದ ಒಂದು ಕಡ್ಡಿಪೆಟ್ಟಿಗೆ ತೆಗೆದು ಅದರ ಮೇಲಿಟ್ಟ.

"ಇದನ್ನ ನಿಮ್ಮ ಮನಿ ಬಾಯಾರ ಕೈಯಾಗ ಕೊಡ್ರಿ. ಜಪಕ್ಕ ಕೂಡೂ ಮುಂದ ಹತ್ರ ಇಟ್ಕೊಳ್ಳಲಿ. ಇನ್ನ ಸಪ್ಪಳ ಬರಂಗಿಲ್ಲ."